14 ದಿನದ ಕೋರ್ಸ್ ಮಾಡಿದವರೆಲ್ಲ ಸ್ಕೀ ಮೇಷ್ಟ್ರು ಆಗುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಯುವ ಪುರವಣಿಯಲ್ಲಿ ಬಂದ, ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವುದನ್ನು ಕಲಿಸುವ ಸ್ಕೀ ಇನ್‌ಸ್ಟ್ರಕ್ಟರ್ ಕೆಲಸದ ಬರಹವನ್ನು ಓದಿದೆ. ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಹೀಗೂ ಒಂದು ದಾರಿ ಇದೆ ಅಂತ ತೋರಿಸಿದ್ದು ಒಳ್ಳೆಯದೇ ಆಯಿತು. ಆದರೆ 14 ದಿನದ ಒಂದು ಕೋರ್ಸ್ ಮುಗಿಸಿ, ಸರ್ಟಿಫಿಕೇಟ್ ಹಿಡಿದು ಹೊರಟರೆ ಸ್ವಿಟ್ಜರ್ಲೆಂಡ್‌ವರೆಗೂ ಕೆಲಸ ಸಿಗುತ್ತದೆ ಅನ್ನುವ ಅರ್ಥ ಬರುವ ಹಾಗೆ ಅದರಲ್ಲಿ ಬರೆದಿದೆ. ಇದು ಸರಿಯಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ಓದಿ, ಇರುವ ಕೆಲಸ ಬಿಟ್ಟು ಹೊರಡಲು ತಯಾರಾಗಿದ್ದಾನೆ. ಅವನ ಹಾಗೆ ಇನ್ನೆಷ್ಟು ಜನ ಇದ್ದಾರೋ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಬೇಸಿಕ್ ಕೋರ್ಸ್ ಮಾಡಿದ್ದೇನೆ, ಆಮೇಲೆ ಇಂಟರ್‌ಮೀಡಿಯಟ್ ಕೂಡ. ಸ್ಕೀಯಿಂಗ್ ಕಲಿಸುವ ಅರ್ಹತೆ ನನಗಿಲ್ಲ. ಆದರೆ ಕಲಿಸುವುದೇ ನನ್ನ ಕಸುಬು, ಹಾಗಾಗಿ ಅಲ್ಲಿ ಹಿಮಕ್ಕಿಂತ ಜಾಸ್ತಿ ನಾನು ನೋಡಿದ್ದು ಇನ್‌ಸ್ಟ್ರಕ್ಟರ್‌ಗಳನ್ನು. ಅವರು ಎಲ್ಲಿ ನಿಲ್ಲುತ್ತಾರೆ, ಯಾವಾಗ ಮಾತಾಡುತ್ತಾರೆ, ಯಾವಾಗ ಸುಮ್ಮನಿರುತ್ತಾರೆ, ಹೆದರಿ ನಿಂತವನ ಹತ್ತಿರ ಹೇಗೆ ಬರುತ್ತಾರೆ, ಇದನ್ನೆಲ್ಲ.

ಮೊದಲು ಆ 14 ದಿನದ ವಿಷಯ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಕೆಳಗೆ ಸ್ಕೀಯಿಂಗ್ ಮತ್ತು ಪರ್ವತಾರೋಹಣದ ಸಂಸ್ಥೆ ಇದೆ. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಪರ್ವತಾರೋಹಣ ಸಂಸ್ಥೆ ಇದೆ, ಅವರು ಸೋಲಂಗ್ ಕಣಿವೆಯಲ್ಲಿ ಕಲಿಸುತ್ತಾರೆ. ಪಹಲ್ಗಾಮ್‌ನಲ್ಲಿ ಜವಾಹರ್ ಸಂಸ್ಥೆ, ಉತ್ತರಾಖಂಡದ ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮ. ಎಲ್ಲಿ ಹೋದರೂ ಬೇಸಿಕ್ ಅಂದರೆ ಹೆಚ್ಚುಕಡಿಮೆ ಇಷ್ಟೇ. ಮೊದಲ ದಿನ ಬೂಟು ಹಾಕಿಕೊಂಡು ನಡೆಯುವುದೇ ಒಂದು ದೊಡ್ಡ ಕೆಲಸ. ಸ್ಕೀ ಹೊರುವುದು, ಸಮತಟ್ಟು ಜಾಗದಲ್ಲಿ ಜಾರುವುದು, ಅಡ್ಡಡ್ಡ ಹೆಜ್ಜೆ ಇಟ್ಟು ಇಳಿಜಾರು ಹತ್ತುವುದು, ಬೀಳುವುದು, ಬಿದ್ದ ಮೇಲೆ ಏಳುವುದು. ಹೌದು, ಏಳುವುದನ್ನೂ ಕಲಿಸಬೇಕು, ಎರಡೂ ಸ್ಕೀಗಳನ್ನು ಇಳಿಜಾರಿಗೆ ಅಡ್ಡ ತಂದುಕೊಳ್ಳದೆ ಏಳಲು ಹೋದರೆ ಕಾಲು ಮತ್ತೆ ಜಾರುತ್ತದೆ. ಆಮೇಲೆ ಸ್ನೋಪ್ಲೌ: ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ, ಒಳಗಿನ ಅಂಚು ಹಿಮಕ್ಕೆ ಒತ್ತಿ ನಿಲ್ಲುವುದು. ಅದರಲ್ಲೇ ಎಡಕ್ಕೆ ಬಲಕ್ಕೆ ತಿರುಗುವುದು. ಕೋರ್ಸ್ ಮುಗಿಯುವ ಹೊತ್ತಿಗೆ ಚುರುಕಾದವರು ಸಣ್ಣ ಇಳಿಜಾರಿನಲ್ಲಿ ಬೀಳದೆ ಇಳಿದು, ಎರಡು ಸ್ಕೀಗಳನ್ನೂ ಜೊತೆಜೊತೆಗೆ ತಿರುಗಿಸಲು ಶುರು ಮಾಡಿರುತ್ತಾರೆ. ತುಂಬಾ ಖುಷಿ ಕೊಡುವ ಕೋರ್ಸ್ ಅದು, ಸಾಧ್ಯ ಇರುವವರೆಲ್ಲ ಮಾಡಲಿ. ಆದರೆ ಅದು ಮುಗಿದಾಗ ನೀವು ಕಲಿಯಲು ತಯಾರಾಗಿದ್ದೀರಿ ಅಷ್ಟೇ, ಕಲಿಸಲು ಅಲ್ಲ.

ಅದರ ಮೇಲೆ ಇಂಟರ್‌ಮೀಡಿಯಟ್, ಆಮೇಲೆ ಅಡ್ವಾನ್ಸ್ಡ್, ಆಮೇಲೆ ಕಲಿಸುವ ವಿಧಾನಕ್ಕೇ ಮೀಸಲಾದ ಕೋರ್ಸ್. ಅದನ್ನು ಮೆಥಡ್ ಆಫ್ ಇನ್‌ಸ್ಟ್ರಕ್ಷನ್ ಅನ್ನುತ್ತಾರೆ, ಪರ್ವತಾರೋಹಣ ಸಂಸ್ಥೆಗಳಿಗೆ ಹೋಗಿ ಬಂದವರು ಎಂಒಐ ಅಂತ ಹೇಳುವುದು ಇದನ್ನೇ. ಒಂದು ಹಂತದಲ್ಲಿ ಒಳ್ಳೆಯ ಗ್ರೇಡ್ ಬರದಿದ್ದರೆ ಮುಂದಿನ ಹಂತದ ಬಾಗಿಲು ತೆರೆಯುವುದಿಲ್ಲ. ಇನ್ನೊಂದು ಮಾತನ್ನು ನಿಮ್ಮ ಬರಹ ಹೇಳಲೇ ಇಲ್ಲ. ಹಿಮ ವರ್ಷಪೂರ್ತಿ ಇರುವುದಿಲ್ಲ. ಗುಲ್ಮಾರ್ಗ್‌ನ ಸೀಸನ್ ಡಿಸೆಂಬರ್ ಕೊನೆಗೆ ಶುರುವಾದರೆ ಮಾರ್ಚ್‌ಗೆ ಮುಗಿಯುತ್ತದೆ. ಅದೂ ಹಿಮ ಬಿದ್ದರೆ. 2024ರ ಜನವರಿ ಮೊದಲ ವಾರಗಳಲ್ಲಿ ಗುಲ್ಮಾರ್ಗ್ ಬೋಳಾಗಿತ್ತು, ಒಣ ಹುಲ್ಲು ಕಾಣುವ ಫೋಟೋಗಳು ಎಲ್ಲ ಪತ್ರಿಕೆಗಳಲ್ಲೂ ಬಂದಿದ್ದವು. 2025ರಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಸ್ಪರ್ಧೆಗಳನ್ನು ಹಿಮ ಇಲ್ಲ ಅಂತ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಿದರು. ದೇಶದ ದೊಡ್ಡ ಕ್ರೀಡಾಕೂಟದ ಗತಿಯೇ ಹೀಗಿರುವಾಗ ಬೇಸಿಕ್‌ನಿಂದ ಎಂಒಐವರೆಗಿನ ಏಣಿಯನ್ನು ಯಾರೂ ಒಂದೇ ಚಳಿಗಾಲದಲ್ಲಿ ಹತ್ತಲು ಆಗುವುದಿಲ್ಲ. ಹಲವು ಚಳಿಗಾಲಗಳು ಬೇಕು, ಮಧ್ಯೆ ಒಂದೆರಡು ಕೈಕೊಡುತ್ತವೆ ಅಂತಲೂ ಲೆಕ್ಕ ಹಾಕಿರಬೇಕು.

ಇನ್ನು ಹೊರದೇಶದ ಮಾತು. ಫ್ರಾನ್ಸ್‌ನಲ್ಲಿ ದುಡ್ಡು ತೆಗೆದುಕೊಂಡು ಸ್ಕೀಯಿಂಗ್ ಕಲಿಸಬೇಕಾದರೆ ಕಾನೂನು ಒಪ್ಪುವ ಅರ್ಹತೆ ಇರಲೇಬೇಕು, ಇಲ್ಲದಿದ್ದರೆ ಅಪರಾಧ. ಆಲ್ಪ್ಸ್‌ನಲ್ಲಿ ಮೇಲಿನ ದರ್ಜೆಯ ಇನ್‌ಸ್ಟ್ರಕ್ಟರ್ ಆಗುವವರು ಯೂರೋಟೆಸ್ಟ್ ಅನ್ನುವ ಒಂದು ಪರೀಕ್ಷೆ ಪಾಸಾಗಬೇಕು. ಅದು ಜೈಂಟ್ ಸ್ಲಾಲಮ್ ಓಟ. ಕಂಬ ನೆಟ್ಟು ಮಾಡಿದ ಗೇಟುಗಳ ನಡುವೆ ತಿರುಗುತ್ತ ಇಳಿಯಬೇಕು. ಮೊದಲು ಇಳಿದು ತೋರಿಸುವ ಪಳಗಿದ ರೇಸರ್‌ಗಳಿಂದ ಒಂದು ಮೂಲ ಸಮಯ ಲೆಕ್ಕ ಹಾಕುತ್ತಾರೆ, ಗಂಡಸರು ಅದಕ್ಕಿಂತ ಹೆಚ್ಚೆಂದರೆ 18 ಪರ್ಸೆಂಟ್, ಹೆಂಗಸರು 24 ಪರ್ಸೆಂಟ್ ಜಾಸ್ತಿ ಸಮಯದೊಳಗೆ ಮುಗಿಸಬೇಕು. ಚಿಕ್ಕಂದಿನಿಂದ ರೇಸ್ ಮಾಡಿದವರೇ ಇದರಲ್ಲಿ ಮತ್ತೆ ಮತ್ತೆ ಫೇಲ್ ಆಗುತ್ತಾರೆ. ಅದಾದ ಮೇಲೆ ಹಿಮಕುಸಿತ ಮತ್ತು ರಕ್ಷಣೆಯ ಬೇರೆ ಪರೀಕ್ಷೆ. ಬ್ರಿಟನ್‌ನ ಪದ್ಧತಿಯಲ್ಲಿ ನಾಲ್ಕು ದರ್ಜೆ ಇವೆ. ಮೊದಲನೆಯದಕ್ಕೇ ಐದು ದಿನದ ಕೋರ್ಸ್ ಜೊತೆಗೆ ಒಂದು ಸ್ಕೀ ಶಾಲೆಯಲ್ಲಿ 35 ಗಂಟೆ ಅನುಭವಿ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ನಿಂತು ನೋಡಿ ಕಲಿತಿರಬೇಕು, ಪ್ರಥಮ ಚಿಕಿತ್ಸೆ ಗೊತ್ತಿರಬೇಕು, ಮಕ್ಕಳ ಸುರಕ್ಷತೆಯ ತರಬೇತಿ ಆಗಿರಬೇಕು. ಅಷ್ಟೆಲ್ಲ ಮಾಡಿದವರಿಗೆ ಸಿಗುವುದು ಒಳಾಂಗಣದ, ಕೃತಕ ಇಳಿಜಾರಿನಲ್ಲಿ ಕಲಿಸುವ ಹಕ್ಕು. ಪರ್ವತದಲ್ಲಿ ಅಲ್ಲ. ಈ ದಾರಿ ಹಿಡಿಯುವವರಲ್ಲಿ ಕೆಲವರು ಡಿಸೆಂಬರ್‌ನಿಂದ ಯುರೋಪಿನಲ್ಲಿ, ಜೂನ್‌ನಿಂದ ನ್ಯೂಜಿಲೆಂಡ್‌ನಲ್ಲಿ ಹೀಗೆ ವರ್ಷಕ್ಕೆ ಎರಡು ಚಳಿಗಾಲ ಹಿಮದ ಮೇಲೆ ಕಳೆಯುತ್ತಾರೆ, ಅದಕ್ಕೆ ದುಡ್ಡು ಎಷ್ಟು ಬೇಕು ಅಂತ ನೀವೇ ಊಹಿಸಿ. ಯಾರಾದರೂ ಏಜೆಂಟ್ ಬಂದು ಇಲ್ಲಿನ ಬೇಸಿಕ್ ಸರ್ಟಿಫಿಕೇಟ್ ಮೇಲೆ ಅಲ್ಲಿ ಕೆಲಸ ಕೊಡಿಸುತ್ತೇನೆ ಅಂದರೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ.

ಹಾಗಂತ ಕೋರ್ಸ್‌ಗಳ ಪಟ್ಟಿ ಮುಗಿಸಿದವರೆಲ್ಲ ಒಳ್ಳೆಯ ಇನ್‌ಸ್ಟ್ರಕ್ಟರ್ ಆಗಿಬಿಡುತ್ತಾರಾ? ಅದೂ ಇಲ್ಲ. ನನಗೆ ನಿಜವಾಗಿ ಹೇಳಬೇಕು ಅನ್ನಿಸಿದ್ದು ಇಲ್ಲಿಂದ ಶುರು. ಚೆನ್ನಾಗಿ ಸ್ಕೀ ಮಾಡುವುದು ಬೇರೆ, ಕಲಿಸುವುದು ಬೇರೆ. ಕೆರೆಯಲ್ಲಿ ಮೀನಿನ ಹಾಗೆ ಈಜುವ ಹುಡುಗನಿಗೆ ನೀರು ಕಂಡರೆ ನಡುಗುವ ತಮ್ಮನಿಗೆ ಈಜು ಹೇಳಿಕೊಡು ಅಂದರೆ ಅವನು ತಳ್ಳಿಬಿಡುತ್ತಾನೆ, ಅಲ್ವಾ, ಹಾಗೆ ಇದು. ತನಗೆ ಸುಲಭವಾಗಿ ಬಂದದ್ದು ಇನ್ನೊಬ್ಬರಿಗೆ ಯಾಕೆ ಬರುತ್ತಿಲ್ಲ ಅಂತ ಕಾಣುವ ಕಣ್ಣು ಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಹೊಸಬರು ಮಾಡುವ ದೊಡ್ಡ ತಪ್ಪು ಹಿಂದಕ್ಕೆ ವಾಲುವುದು. ಇಳಿಜಾರು ನೋಡಿದ ಕೂಡಲೇ ಮೈ ತಾನಾಗಿ ಗುಡ್ಡದ ಕಡೆ ವಾಲುತ್ತದೆ, ಅದು ಭಯ, ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಹಿಂದಕ್ಕೆ ವಾಲಿದರೆ ಸ್ಕೀಯ ಮುಂಭಾಗದ ಮೇಲೆ ಭಾರ ಇರುವುದಿಲ್ಲ, ಭಾರ ಇಲ್ಲದ ಸ್ಕೀ ಹೇಳಿದ ಕಡೆ ತಿರುಗುವುದಿಲ್ಲ, ತಿರುಗದಿದ್ದರೆ ವೇಗ ಏರುತ್ತದೆ, ವೇಗ ಏರಿದರೆ ಭಯ ಇನ್ನೂ ಜಾಸ್ತಿ, ಇನ್ನೂ ಹಿಂದಕ್ಕೆ. ಸಾಧಾರಣ ಇನ್‌ಸ್ಟ್ರಕ್ಟರ್ ಕೆಳಗೆ ನಿಂತು "ಮಂಡಿ ಬಗ್ಗಿಸು, ಮಂಡಿ ಬಗ್ಗಿಸು" ಅಂತ ಕೂಗುತ್ತಾನೆ. ಕಲಿಯುವವನು ಪಾಪ ಮಂಡಿ ಬಗ್ಗಿಸುತ್ತಾನೆ, ಕುರ್ಚಿಯಲ್ಲಿ ಕೂತಂತೆ ಇನ್ನೂ ಹಿಂದಕ್ಕೆ ಹೋಗುತ್ತಾನೆ. ನಾನು ನೋಡಿದ ಒಬ್ಬ ಹಿರಿಯ ಇನ್‌ಸ್ಟ್ರಕ್ಟರ್ ಕೂಗುತ್ತಲೇ ಇರಲಿಲ್ಲ. ಹತ್ತಿರ ಬಂದು ಮೊದಲು ಬೂಟಿನ ಬಕಲ್ ನೋಡುತ್ತಿದ್ದರು. ಬೂಟು ಸಡಿಲ ಇದ್ದರೆ ಕಾಲು ಒಳಗೇ ಅಲುಗಾಡುತ್ತದೆ, ಆಗ ನೀವು ಏನು ಮಾಡಿದರೂ ಸ್ಕೀಗೆ ಗೊತ್ತಾಗುವುದಿಲ್ಲ. ಅದು ಸರಿ ಇದ್ದರೆ, ಮೊಣಕಾಲಿನ ಕೆಳಗಿನ ಮೂಳೆ ಬೂಟಿನ ಮುಂಭಾಗಕ್ಕೆ ತಾಗುತ್ತಿದೆಯಾ ಅಂತ ಕೇಳುತ್ತಿದ್ದರು. ಅದೂ ಆಗದಿದ್ದರೆ ಸುಮ್ನೆ ಕರೆದುಕೊಂಡು ಹೋಗಿ ಇನ್ನೂ ಸಣ್ಣ ಇಳಿಜಾರಿನಲ್ಲಿ ನಿಲ್ಲಿಸುತ್ತಿದ್ದರು. ಅರ್ಧ ಗಂಟೆಯಲ್ಲಿ ಆ ವಿದ್ಯಾರ್ಥಿ ಬೇರೆಯದೇ ಮನುಷ್ಯ. ತಪ್ಪು ಮೈಯಲ್ಲಿತ್ತೋ, ಬೂಟಿನಲ್ಲಿತ್ತೋ, ಮನಸ್ಸಿನಲ್ಲಿತ್ತೋ, ಇಳಿಜಾರಿನಲ್ಲೇ ಇತ್ತೋ ಅಂತ ಬೇರ್ಪಡಿಸಿ ನೋಡುವುದು ಯಾವ ಪುಸ್ತಕದಿಂದಲೂ ಬರುವುದಿಲ್ಲ. ನೂರಾರು ಜನ ಹೊಸಬರನ್ನು ನೋಡಿ ನೋಡಿ ಬರಬೇಕು.

ನಿಧಾನವಾಗಿ ಮಾಡಿ ತೋರಿಸುವುದು ಇನ್ನೊಂದು ದೊಡ್ಡ ಗುಣ. ವೇಗವಾಗಿ ಇಳಿಯುವಾಗ ವೇಗವೇ ಎಷ್ಟೋ ತಪ್ಪುಗಳನ್ನು ಮುಚ್ಚಿಹಾಕುತ್ತದೆ. ತೀರಾ ನಿಧಾನವಾಗಿ, ಸ್ನೋಪ್ಲೌನಲ್ಲಿ, ಒಂದೊಂದು ಚಲನೆಯೂ ವಿದ್ಯಾರ್ಥಿಗೆ ಕಾಣುವ ಹಾಗೆ ತಿರುಗಿ ತೋರಿಸಲು ಬಹಳ ಹಿಡಿತ ಬೇಕು. ಎಷ್ಟೋ ಒಳ್ಳೆಯ ಸ್ಕೀಯರ್‌ಗಳಿಗೆ ಇದು ಬರುವುದಿಲ್ಲ, ಅವರಿಗೆ ಬೇಜಾರೂ ಆಗುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಸಣ್ಣ ದಿಬ್ಬದಲ್ಲಿ, ಅದೇ ಪಾಠವನ್ನು, ಹೊಸ ಹೊಸ ಜನರಿಗೆ, ಮೊದಲ ಸಲ ಹೇಳುವಷ್ಟೇ ಉತ್ಸಾಹದಿಂದ ಹೇಳಲು ಆಗದಿದ್ದರೆ ಈ ಕೆಲಸ ಬೇಡ. ಮೇಲಿನ ದೊಡ್ಡ ಇಳಿಜಾರುಗಳು ಕಣ್ಣೆದುರೇ ಇರುತ್ತವೆ, ಇನ್‌ಸ್ಟ್ರಕ್ಟರ್‌ಗೆ ಅಲ್ಲಿಗೆ ಹೋಗಲು ಬಿಡುವೇ ಸಿಗುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡು ಬರಬೇಕು.

ಮಕ್ಕಳಿಗೆ ಕಲಿಸುವುದಂತೂ ಇನ್ನೊಂದು ವಿದ್ಯೆ. ಸಣ್ಣ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ಭಾರ, ಕಾಲಿನ ಬಲ ಕಡಿಮೆ. ಅವರು ಹಿಂದಕ್ಕೆ ಕೂತು, ಕಾಲು ಅಗಲಿಸಿ ಇಳಿಯುವುದು ಸಹಜ. ದೊಡ್ಡವರ ಭಂಗಿಯನ್ನು ಅವರ ಮೇಲೆ ಹೇರಬಾರದು. ಶುರುವಿನಲ್ಲಿ ಅವರಿಗೆ ಕೈಯಲ್ಲಿ ಹಿಡಿಯುವ ಊರುಗೋಲು, ಅಂದರೆ ಪೋಲ್ ಕೊಡುವುದಿಲ್ಲ. ಚಳಿಯಾದರೆ ಹೇಳುವುದಿಲ್ಲ, ಒಮ್ಮೆಲೇ ಅಳುತ್ತಾರೆ. ಕೈಗವಸು ಒದ್ದೆಯಾಗಿದೆಯಾ, ಬೆರಳು ಬಿಳಿಚಿಕೊಂಡಿದೆಯಾ, ಉಚ್ಚೆ ಬಂದಿದೆಯಾ ಅಂತ ಮೇಷ್ಟ್ರೇ ನೋಡಿಕೊಳ್ಳಬೇಕು. ಮಕ್ಕಳ ಜೊತೆ ಪಳಗಿದ ಪ್ರೈಮರಿ ಶಾಲೆಯ ಟೀಚರ್‌ಗಳು ಇದರಲ್ಲಿ ರೇಸ್ ಗೆದ್ದವರಿಗಿಂತ ಮುಂದೆ ಇರುತ್ತಾರೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸಾಮಾನಿನ ಬಗ್ಗೆ ಎರಡು ಮಾತು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಿದ್ದಾಗ ಬಿಚ್ಚಿಕೊಳ್ಳಬೇಕು. ಎಷ್ಟು ಬಲಕ್ಕೆ ಬಿಚ್ಚಿಕೊಳ್ಳಬೇಕು ಅನ್ನುವುದನ್ನು ಸ್ಕೀ ಮಾಡುವವರ ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಅವರ ಅನುಭವ ಎಲ್ಲ ನೋಡಿ ಹೊಂದಿಸುತ್ತಾರೆ. ಜಾಸ್ತಿ ಬಿಗಿ ಇದ್ದರೆ ಬಿದ್ದಾಗ ಸ್ಕೀ ಬಿಚ್ಚಿಕೊಳ್ಳದೆ ಮಂಡಿಯ ಲಿಗಮೆಂಟ್ ಹರಿಯಬಹುದು, ಸಡಿಲ ಇದ್ದರೆ ಸುಮ್ಮಸುಮ್ಮನೆ ಕಳಚಿ ಬೀಳಿಸುತ್ತದೆ. ಬಾಡಿಗೆ ಅಂಗಡಿಯಲ್ಲಿ ಗದ್ದಲ ಇದ್ದಾಗ ಹಿಂದಿನವರಿಗೆ ಇಟ್ಟಿದ್ದ ಅಳತೆಯಲ್ಲೇ ಕೊಟ್ಟುಬಿಡುವ ಸಂಭವ ಇರುತ್ತದೆ. ಒಳ್ಳೆಯ ಇನ್‌ಸ್ಟ್ರಕ್ಟರ್ ಪಾಠ ಶುರು ಮಾಡುವ ಮೊದಲು ಎಲ್ಲರ ಬೈಂಡಿಂಗ್ ಬಗ್ಗಿ ನೋಡುತ್ತಾನೆ. ಇನ್ನೊಂದು, ನಮ್ಮ ಕಡೆಯಿಂದ ಹೋದವರೆಲ್ಲ ಚಳಿ ಅಂತ ಎರಡೆರಡು ದಪ್ಪ ಕಾಲುಚೀಲ ಹಾಕಿಕೊಳ್ಳುತ್ತಾರೆ. ಅದರಿಂದ ರಕ್ತ ಓಡಾಟ ಕಡಿಮೆಯಾಗಿ ಕಾಲು ಇನ್ನೂ ತಣ್ಣಗಾಗುತ್ತದೆ. ಒಂದೇ ಜೊತೆ, ತೆಳುವಾದದ್ದು, ಉದ್ದದ್ದು ಸಾಕು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೊಲಾ ಅನ್ನುವ ಕೇಬಲ್ ಕಾರಿನ ಎರಡನೇ ಹಂತ ಹತ್ತಿದರೆ ಅಫರ್ವಟ್ ಪರ್ವತದಲ್ಲಿ 3,900 ಮೀಟರ್ ದಾಟುತ್ತೀರಿ. ಬೆಳಿಗ್ಗೆ ಕೆಳಗಿದ್ದವರು ಸ್ವಲ್ಪ ಹೊತ್ತಿಗೆ ಅಲ್ಲಿರುತ್ತಾರೆ. ತಲೆನೋವು, ವಾಕರಿಕೆ, ಮಂಕು ಬಂದರೆ ಅದು ಎತ್ತರದ ಕಾಯಿಲೆ ಅಂತ ಗುರುತಿಸಿ ಕೆಳಗೆ ಕರೆತರುವ ತಿಳಿವಳಿಕೆ ಇನ್‌ಸ್ಟ್ರಕ್ಟರ್‌ಗೆ ಇರಲೇಬೇಕು. ಹಿಮಕುಸಿತ ಅದಕ್ಕಿಂತ ಭಯಂಕರ. 2023ರ ಫೆಬ್ರವರಿ 1ರಂದು ಅಫರ್ವಟ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡ್‌ನ ಇಬ್ಬರು ಸ್ಕೀಯರ್‌ಗಳು ಸತ್ತರು. 2024ರ ಫೆಬ್ರವರಿ 22ರಂದು ಅಲ್ಲೇ ಗುಲ್ಮಾರ್ಗ್‌ನ ಮೇಲ್ಭಾಗದಲ್ಲಿ ರಷ್ಯಾದ ಒಬ್ಬರು ಸತ್ತರು. ಸ್ಕೀಯರ್‌ಗಳನ್ನು ಹೂಳುವ ಹಿಮಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ, ಸ್ಕೀ ಮಾಡುವವರಿಗೆ ತುಂಬಾ ಇಷ್ಟವಾಗುವ ಇಳಿಜಾರೂ ಅದೇ. ಹಿಮದಡಿ ಹೂತವರನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ತೆಗೆದರೆ ಬದುಕುವ ಆಸೆ ಚೆನ್ನಾಗಿರುತ್ತದೆ, ಆಮೇಲೆ ಬೇಗ ಬೇಗ ಕುಸಿಯುತ್ತದೆ. ಅಂದರೆ ಕೆಳಗಿನಿಂದ ರಕ್ಷಣಾ ತಂಡ ಬರುವುದನ್ನು ಕಾಯಲು ಆಗುವುದಿಲ್ಲ, ಜೊತೆಯಲ್ಲಿ ಇರುವವರೇ ಅಗೆಯಬೇಕು. ಪ್ರತಿಯೊಬ್ಬರ ಮೈಮೇಲೆ ಸಿಗ್ನಲ್ ಕಳಿಸುವ ಟ್ರಾನ್ಸೀವರ್, ಚೀಲದಲ್ಲಿ ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಪ್ರೋಬ್ ಕಡ್ಡಿ ಮತ್ತು ಸಲಿಕೆ. ಇವನ್ನು ಇಟ್ಟುಕೊಂಡರೆ ಸಾಲದು, ಕಣ್ಣು ಮುಚ್ಚಿ ಬಳಸುವಷ್ಟು ಅಭ್ಯಾಸ ಆಗಿರಬೇಕು.

ಇದರ ಜೊತೆಗೆ ತನ್ನ ಮಿತಿಯೂ ಗೊತ್ತಿರಬೇಕು. ಹಿಮವನ್ನು ಒತ್ತಿ ಸಮ ಮಾಡಿ ಹದ ಮಾಡಿದ ಇಳಿಜಾರಿನಲ್ಲಿ ಕಲಿಸುವ ಇನ್‌ಸ್ಟ್ರಕ್ಟರ್ ಬೇರೆ, ಹದ ಮಾಡದ ಪರ್ವತದಲ್ಲಿ ಕರೆದೊಯ್ಯುವ ಗೈಡ್ ಬೇರೆ. ಆ ಗೆರೆ ದಾಟಬಾರದು. ದುಡ್ಡು ಕೊಟ್ಟು ಬಂದ ಪ್ರವಾಸಿ "ಮೇಲೆ ಕರೆದುಕೊಂಡು ಹೋಗಿ, ಒಂದು ವಿಡಿಯೋ ಮಾಡಿಕೊಳ್ಳಬೇಕು" ಅಂತ ಒತ್ತಾಯ ಮಾಡುತ್ತಾನೆ. ಹಿಂದಿನ ರಾತ್ರಿ ಹೊಸ ಹಿಮ ಬಿದ್ದಿರುತ್ತದೆ, ಗಾಳಿ ಇರುತ್ತದೆ. ಆಗ "ಇವತ್ತು ಬೇಡ" ಅಂತ ಹೇಳಿ, ಆ ದಿನದ ಸಂಪಾದನೆ ಹೋದರೆ ಹೋಗಲಿ ಅಂತ ನಿಲ್ಲುವ ಎದೆಗಾರಿಕೆ ಇದೆಯಲ್ಲ, ನಾನು ಯಾರನ್ನಾದರೂ ಇನ್‌ಸ್ಟ್ರಕ್ಟರ್ ಆಗಿ ಆರಿಸಬೇಕಾದರೆ ಮೊದಲು ಅದನ್ನೇ ನೋಡುತ್ತೇನೆ, ಅವನು ಎಷ್ಟು ಚೆನ್ನಾಗಿ ತಿರುಗುತ್ತಾನೆ ಅನ್ನುವುದನ್ನು ಆಮೇಲೆ.

ಹಾಗಾದರೆ ಹಿಮವೇ ಇಲ್ಲದ ಕರ್ನಾಟಕದವರಿಗೆ ಇದು ಆಗುವ ಮಾತಾ? ಖಂಡಿತ ಆಗುತ್ತದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದ್ದಾರೆ, ಖೇಲೋ ಇಂಡಿಯಾದಲ್ಲಿ ನಮ್ಮ ರಾಜ್ಯಕ್ಕೆ ಪದಕ ತಂದಿದ್ದಾರೆ. ಇನ್ನೂ ಹಳೆಯ ನಂಟೂ ಇದೆ. ಗುಲ್ಮಾರ್ಗ್‌ನಲ್ಲಿ ಎತ್ತರದ ಪರ್ವತಗಳಲ್ಲಿ ಯುದ್ಧ ಮಾಡುವುದನ್ನು ಕಲಿಸುವ ಸೇನೆಯ ಪ್ರಸಿದ್ಧ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಇದೆ. ಅದು 1948ರಲ್ಲಿ ಶುರುವಾದಾಗ 19ನೇ ಇನ್‌ಫೆಂಟ್ರಿ ಡಿವಿಷನ್ನಿನ ಸ್ಕೀ ಶಾಲೆ, ಆ ಡಿವಿಷನ್ನಿನ ದಂಡನಾಯಕರಾಗಿದ್ದವರು ನಮ್ಮ ಕೊಡಗಿನ ತಿಮ್ಮಯ್ಯನವರು. ಅವರ ಹೆಸರಿನಲ್ಲೇ ನಮ್ಮ ರಾಜ್ಯದಲ್ಲಿ ಸಾಹಸ ಕ್ರೀಡೆಗಳ ಅಕಾಡೆಮಿ ಇದೆ. ಆ ಅಕಾಡೆಮಿ ನಾಲ್ಕೈದು ಜನ ಯುವಕ ಯುವತಿಯರನ್ನು ಆರಿಸಿ, ಬೇಸಿಕ್‌ನಿಂದ ಎಂಒಐವರೆಗೆ ಇಡೀ ಏಣಿ ಹತ್ತುವವರೆಗೂ ವರ್ಷ ವರ್ಷ ಬೆನ್ನಿಗೆ ನಿಲ್ಲಬೇಕು ಅಂತ ನನ್ನ ಬೇಡಿಕೆ. ಬೇಸಿಕ್‌ಗೆ ಐವತ್ತು ಜನರನ್ನು ಒಮ್ಮೆ ಕಳಿಸಿ ಬಿಡುವುದಕ್ಕಿಂತ ಇದು ಒಳ್ಳೆಯದು.

ಒಂದು ಮಾತು ಒಪ್ಪಿಕೊಳ್ಳಲೇಬೇಕು, ಅಲ್ಲಿ ಹುಟ್ಟಿದವರ ಜೊತೆ ಸ್ಪರ್ಧೆ ಕಷ್ಟ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬರೇ ಒಬ್ಬ ಆಟಗಾರ ಆರಿಫ್ ಖಾನ್, ಅವರು ಕಾಶ್ಮೀರದವರು, ನಾಲ್ಕನೇ ವಯಸ್ಸಿಗೇ ಸ್ಕೀ ಮೇಲೆ ನಿಂತವರು. ಮನಾಲಿಯ ಸ್ಕೀ ರೇಸರ್ ಆಂಚಲ್ ಠಾಕೂರ್ ಕೂಡ ಹಾಗೆಯೇ ಹಿಮದಲ್ಲಿ ಬೆಳೆದವರು. ರೇಸ್‌ನಲ್ಲಿ ಅವರನ್ನು ಇಪ್ಪತ್ತೆರಡನೇ ವಯಸ್ಸಿಗೆ ಶುರು ಮಾಡಿದವರು ಹಿಡಿಯಲು ಆಗುವುದಿಲ್ಲ. ಆದರೆ ಕಲಿಸುವುದರಲ್ಲಿ ತಡವಾಗಿ ಕಲಿತವರಿಗೂ ಜಾಗ ಇದೆ. ಭಯ ಏನು ಅಂತ ಅವರಿಗೆ ಇನ್ನೂ ಮರೆತಿರುವುದಿಲ್ಲ. ಜೊತೆಗೆ ಭಾಷೆ. ಗುಲ್ಮಾರ್ಗ್, ಮನಾಲಿಗೆ ಪ್ರವಾಸ ಹೋಗುವ ಕನ್ನಡದ ಕುಟುಂಬಗಳು ಎಷ್ಟೊಂದು. ಹಿಂದಿ ಸರಿಯಾಗಿ ಬಾರದ ಒಬ್ಬ ತಾಯಿಗೆ "ಅಮ್ಮಾ, ಕೆಳಗೆ ನೋಡಬೇಡಿ, ನನ್ನ ಕಡೆ ನೋಡಿ" ಅಂತ ಕನ್ನಡದಲ್ಲಿ ಹೇಳುವವರು ಅಲ್ಲಿದ್ದರೆ ಅವರು ಎಷ್ಟು ಬೇಗ ಕಲಿಯುತ್ತಾರೆ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇನ್‌ಸ್ಟ್ರಕ್ಟರ್ ಆಗುವವರು ಹಿಂದಿ, ಇಂಗ್ಲಿಷ್ ಕಲಿಯಲೇಬೇಕು, ಸ್ಥಳೀಯರ ಜೊತೆ ಬಾಳಲು ನಾಲ್ಕು ಮಾತು ಕಾಶ್ಮೀರಿಯೂ ಬರಬೇಕು, ಆದರೆ ಕನ್ನಡ ಅವರಿಗೆ ಲಾಭವೇ.

ಊರಿನಲ್ಲಿದ್ದುಕೊಂಡೇ ಮಾಡುವ ಕೆಲಸವೂ ಬಹಳ ಇದೆ. ತೊಡೆ, ಸೊಂಟ, ಹೊಟ್ಟೆಯ ಬಲ ಬೆಳೆಸಬೇಕು. ಒಂಟಿ ಕಾಲಿನ ಸಮತೋಲನ ರೂಢಿಸಬೇಕು. ಬೆಂಗಳೂರು, ಮೈಸೂರಿನವರು ಇನ್‌ಲೈನ್ ಸ್ಕೇಟಿಂಗ್ ಕಲಿತರೆ ಹಿಮದ ಮೇಲೆ ಮೊದಲ ದಿನವೇ ಅದರ ಉಪಯೋಗ ಗೊತ್ತಾಗುತ್ತದೆ. ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್‌ಗೆ ಗುಲ್ಮಾರ್ಗ್‌ವರೆಗೆ ಹೋಗಬೇಕಾಗಿಲ್ಲ, ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್‌ನವರು ಕಲಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಯಾವುದಾದರೂ ಶಾಲೆಗೆ ಹೋಗಿ ಸಂಜೆ ಹೊತ್ತು ಮಕ್ಕಳಿಗೆ ಏನನ್ನಾದರೂ ಕಲಿಸಿ ನೋಡಿ, ಖೊಖೊ ಆಗಲಿ, ಸೈಕಲ್ ಆಗಲಿ. ತಿಂಗಳಾದ ಮೇಲೂ ಮಕ್ಕಳು ನಿಮ್ಮನ್ನು ಹುಡುಕಿಕೊಂಡು ಬಂದರೆ ನಿಮ್ಮಲ್ಲಿ ಇನ್‌ಸ್ಟ್ರಕ್ಟರ್ ಇದ್ದಾನೆ. ಮೇಲೆ ಹೇಳಿದ ಹುಡುಗನಿಗೂ ಇದನ್ನೇ ಹೇಳಿದ್ದೇನೆ, ಕೆಲಸ ಬಿಡಬೇಡ, ರಜೆ ಹಾಕಿ ಬೇಸಿಕ್ ಮಾಡಿ ಬಾ, ಆಮೇಲೆ ಯೋಚಿಸೋಣ ಅಂತ. ಯಾಕೆಂದರೆ ಇದು ಮೂರು ನಾಲ್ಕು ತಿಂಗಳಿನ ಸಂಪಾದನೆ. ಉಳಿದ ತಿಂಗಳು ಟ್ರೆಕ್ಕಿಂಗ್ ಗೈಡ್ ಆಗಿಯೋ, ರಾಫ್ಟಿಂಗ್‌ನಲ್ಲೋ, ಶಾಲೆಯಲ್ಲೋ ಬೇರೆ ದುಡಿಮೆ ಇರಲೇಬೇಕು. ಮನೆಯವರಿಗೂ ಇದನ್ನು ಬಿಡಿಸಿ ಹೇಳಿ ಹೊರಡಬೇಕು.

ಸಂಪಾದಕರೇ, ನಿಮ್ಮಲ್ಲಿ ಕೇಳುವುದು ಇಷ್ಟೇ. ಆ ಪುರವಣಿಯಲ್ಲೇ ಇನ್ನೊಂದು ಬರಹ ಹಾಕಿಸಿ. ಗುಲ್ಮಾರ್ಗ್, ಮನಾಲಿ, ಪಹಲ್ಗಾಮ್, ಔಲಿ ಈ ನಾಲ್ಕೂ ಕಡೆ ಯಾವ ಯಾವ ಹಂತದ ಕೋರ್ಸ್ ಇದೆ, ಶುಲ್ಕ ಎಷ್ಟು, ವಯಸ್ಸಿನ ಮಿತಿ ಏನು, ಯಾವ ಗ್ರೇಡ್ ಬಂದರೆ ಮುಂದಕ್ಕೆ ಬಿಡುತ್ತಾರೆ ಅಂತ ನಿಮ್ಮ ವರದಿಗಾರರು ನೇರವಾಗಿ ಆ ಸಂಸ್ಥೆಗಳಿಗೇ ಫೋನ್ ಮಾಡಿ ಕೇಳಿ ಬರೆಯಲಿ. ಅಲ್ಲಿ ಹತ್ತಾರು ವರ್ಷ ಕಲಿಸಿದ ಒಬ್ಬ ಇನ್‌ಸ್ಟ್ರಕ್ಟರ್ ಜೊತೆ ಮಾತಾಡಿಸಿ. ಸೀಟುಗಳು ಕಡಿಮೆ, ಸೀಸನ್ ಶುರುವಾಗುವ ಮೊದಲೇ ತುಂಬಿಹೋಗುತ್ತವೆ, ಹಾಗಾಗಿ ಅಕ್ಟೋಬರ್ ಒಳಗೆ ಅದು ಓದುಗರ ಕೈಗೆ ಸಿಗುವ ಹಾಗೆ ಮಾಡಿ.

ಇಂತಿ,
ಒಬ್ಬ ದೈಹಿಕ ಶಿಕ್ಷಕ,
ಹಾಸನ ಜಿಲ್ಲೆ